ಭಾವನವರಿಗೆ ಹೇಳ್ರಿ, ಬ್ಲೋವರ್ ತಿರುಗಲಿ

ಮೊನ್ನೆ ನೀನು ಉಗುರಿಗೆ ಬಣ್ಣ ಹಚ್ಚಿಕೊಂಡು, ಆ ನೀಲಿ ಬೆಳಕಿನ ಪುಟ್ಟ ಪೆಟ್ಟಿಗೆಯೊಳಗೆ ಬೆರಳಿಟ್ಟು ಕೂತಿದ್ದೆ. ನಾನು ಬಾಗಿಲಲ್ಲಿ ನಿಂತು, "ಅದರೊಳಗ ಇಣುಕಬ್ಯಾಡವ್ವಾ" ಅಂದೆ. ನೀನು ತಲೆ ಎತ್ತದೆ, "ಆಜೀ, ಕುಛ್ ನಹೀ ಹೋತಾ" ಅಂದೆ, ಏನೂ ಆಗುವುದಿಲ್ಲ ಅಜ್ಜೀ ಅಂತ. ಅಷ್ಟರಲ್ಲಿ ನಿನ್ನ ತಮ್ಮ ಬಗ್ಗಿ ಇಣುಕಿಯೇಬಿಟ್ಟ.

ಈ ಮನೆಯಲ್ಲಿ ನನ್ನ ಮಾತನ್ನು ಒಂದೇ ಸಲಕ್ಕೆ ಕೇಳಿದವರು ಯಾರೂ ಇಲ್ಲ. ಎರಡನೆಯ ಸಲ ಹೇಳಲು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನಿಮಗಿಬ್ಬರಿಗೂ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ನಿಮ್ಮಪ್ಪ ಓದಿ ಹೇಳಬೇಕು. ಅಂದರೆ ಈ ವಯಸ್ಸಿನಲ್ಲಿಯೂ ನನ್ನ ಮಾತು ಇನ್ನೊಬ್ಬರ ಬಾಯಿಂದಲೇ ನಿಮಗೆ ಮುಟ್ಟಬೇಕು. ಇದು ನನಗೆ ಹೊಸದಲ್ಲ.

ನಾನು ಮದುವೆಯಾಗಿ ಮುಂಬೈ ಕಡೆಯ ಡೊಂಬಿವಲಿಗೆ ಬಂದಾಗ ಎರಡು ಖೋಲಿಯ ಮನೆಯಲ್ಲಿ ನಾವೆಲ್ಲ ಒಟ್ಟಿಗೆ ಇದ್ದೆವು. ನಮ್ಮ ಅತ್ತೆ, ನಿಮ್ಮ ಅಜ್ಜನ ಅಣ್ಣ, ಅವರ ಹೆಂಡತಿ, ನಾನು ಮತ್ತು ನಿಮ್ಮ ಅಜ್ಜ. ಗಂಡನ ಅಣ್ಣ ಅಂದರೆ ನನಗೆ ಭಾವ. ನಮ್ಮ ಕಡೆ ಭಾವನೆದುರು ತಲೆಯ ಮೇಲಿನ ಸೆರಗು ಜಾರಬಾರದು, ಅವರೊಂದಿಗೆ ನೇರವಾಗಿ ಮಾತಾಡಬಾರದು. ಚಹಾ ಕೊಡಬೇಕಾದರೂ ಲೋಟ ಕೆಳಗಿಟ್ಟು, ಗೋಡೆಗೆ ಹೇಳಿದ ಹಾಗೆ "ಚಹಾ ಆಗೈತಿ" ಅನ್ನಬೇಕು. ಊರಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಊರಿನ ಮನೆಯಲ್ಲಿ ಹತ್ತು ಜನ ಓಡಾಡುತ್ತಿರುತ್ತಾರೆ, ಯಾರೋ ಒಬ್ಬರು ಮಾತು ದಾಟಿಸುತ್ತಾರೆ. ಅವಸರದ ಕೆಲಸವೂ ಇರುವುದಿಲ್ಲ. ಆದರೆ ಭಾವ ಲೋಕಲ್ ಗಾಡಿಯಲ್ಲಿ ಹೋಗಿಬರುವ ಠಾಣೆ ಪಟ್ಟಣದಲ್ಲಿ ಒಂದು ಗಾಳಾ ಹಿಡಿದರು. ಗಾಳಾ ಅಂದರೆ ಕಾರ್ಖಾನೆಗಳ ಸಾಲಿನಲ್ಲಿ ಒಂದು ದೊಡ್ಡ ಅಂಗಡಿಯಷ್ಟು ಜಾಗ. ಅಲ್ಲಿ ಊದಿನಕಡ್ಡಿಯ ಡಬ್ಬಿ, ಮಿಠಾಯಿ ಡಬ್ಬಿಗಳ ದಪ್ಪ ಕಾಗದದ ಕಾರ್ಡಿಗೆ ವಾರ್ನಿಷ್ ಹಚ್ಚಿ ಹೊಳಪು ಕೊಡುವ ಕೆಲಸ. ಕೈ ಸಾಲದಾದಾಗ ನನ್ನನ್ನೂ ಕರೆದುಕೊಂಡರು. ಕರೆದದ್ದು ಕೂಡ ನನ್ನನ್ನಲ್ಲ. ನಿಮ್ಮ ಅಜ್ಜನಿಗೆ, "ನಾಳಿಂದ ಆಕಿನ್ನೂ ಕರಕೊಂಡು ಬಾ" ಅಂದರು. ನಾನು ಅಲ್ಲೇ ಭಾಂಡೆ ತೊಳೆಯುತ್ತಿದ್ದೆ.

ಮೊದಲು ವಾರ್ನಿಷ್ ಹಚ್ಚಿದ ಕಾರ್ಡುಗಳನ್ನು ಹಗ್ಗಕ್ಕೆ ಸಿಕ್ಕಿಸಿ ಒಣಗಿಸುತ್ತಿದ್ದೆವು. ಮಳೆಗಾಲದಲ್ಲಿ ಒಂದೂ ಒಣಗುತ್ತಿರಲಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ಭಾವ ಯು.ವಿ. ಮಷೀನು ತಂದರು, ನಿನ್ನ ಉಗುರಿನ ಪೆಟ್ಟಿಗೆಯಂಥದೇ ಬೆಳಕಿನಿಂದ ಒಣಗಿಸುವುದು. ಉದ್ದನೆಯ ಮೇಜಿನಂಥದು, ಅದರ ಮೇಲೆ ನಡೆಯುವ ಜಾಳಿಗೆಯ ಬೆಲ್ಟು. ನಡುವೆ ತಗಡಿನ ಮುಚ್ಚಳ, ಮುಚ್ಚಳದ ಒಳಗೆ ತೋಳಿನುದ್ದದ ಗಾಜಿನ ದೀಪ. ಹಸಿ ಕಾರ್ಡನ್ನು ಈ ಕಡೆಯಿಂದ ಬಿಟ್ಟರೆ ಆ ಕಡೆ ಒಣಗಿ, ಹೊಳೆಯುತ್ತ ಬೀಳುತ್ತಿತ್ತು. ಮೊದಲ ದಿನ ನಾನು ಒಂದೇ ಕಾರ್ಡನ್ನು ಮೂಸಿ ಮೂಸಿ ನೋಡಿದೆ. ಸಿಡಿಲು ಬಡಿದ ಮೇಲೆ ಬರುವಂಥ ವಾಸನೆ.

ಮಷೀನು ಕೂರಿಸಲು ಬಂದ ಮನುಷ್ಯ ನಮ್ಮನ್ನೆಲ್ಲ ನಿಲ್ಲಿಸಿ ಹಿಂದಿಯಲ್ಲಿ ಹೇಳಿದ. ಶುರು ಮಾಡುವಾಗ ಮೊದಲು ಬ್ಲೋವರ್, ಅಂದರೆ ಒಳಗಿನ ಬಿಸಿಯನ್ನೂ ಆ ವಾಸನೆಯನ್ನೂ ಎಳೆದು ಹೊರಗೆ ಬಿಡುವ ದೊಡ್ಡ ಫ್ಯಾನು. ಅದು ತಿರುಗಿದ ಮೇಲೆ ದೀಪ. ದೀಪ ಪೂರ್ತಿ ಉರಿಯಲು ಸ್ವಲ್ಪ ಹೊತ್ತು ಬೇಕು, ಕಾಯಿರಿ. ಬೆಲ್ಟು ನಡೆಯದೆ ಕಾರ್ಡು ಇಡಬೇಡಿ, ದೀಪದ ಕೆಳಗೆ ನಿಂತ ಕಾಗದ ಹೊತ್ತಿಕೊಳ್ಳುತ್ತದೆ. ಕನ್ನಡಕ ಹಾಕಿಕೊಳ್ಳಿ, ಕೈಗೆ ಗ್ಲೋವ್ಸ್ ಹಾಕಿಕೊಳ್ಳಿ. ದೀಪದ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಯ ಜಿಡ್ಡು ಹತ್ತಿದರೆ ಆ ಜಾಗದಲ್ಲೇ ಗಾಜು ಕೆಡುತ್ತದೆ. ಮುಚ್ಚುವಾಗ ಮೊದಲು ದೀಪ ಆರಿಸಿ. ಬೆಲ್ಟು ನಡೆಯಲಿ, ಬ್ಲೋವರ್ ತಿರುಗಲಿ. ಒಳಗೆ ತಣ್ಣಗಾದ ಮೇಲಷ್ಟೇ ಬ್ಲೋವರ್ ನಿಲ್ಲಿಸಿ, ಆಮೇಲೆ ಮೇನ್ ಸ್ವಿಚ್ಚು ಆರಿಸಿ. ಉರಿಯುವ ದೀಪವನ್ನು ಬರಿಗಣ್ಣಿನಲ್ಲಿ ಯಾವತ್ತೂ ನೋಡಬೇಡಿ.

ಎಲ್ಲರೂ ತಲೆಯಾಡಿಸಿದರು. ಆ ತಲೆಯಾಡಿಸುವುದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಿತ್ತು.

ಮೊದಲ ತಕರಾರು ಬ್ಲೋವರಿನದು. ಭಾವನ ಜೀವವೆಲ್ಲ ಸಂಜೆಯ ಲೋಕಲ್ ಗಾಡಿಯಲ್ಲಿ ಇರುತ್ತಿತ್ತು. ಆ ಗಾಡಿ ತಪ್ಪಿದರೆ ಮುಂದಿನದರಲ್ಲಿ ಕಾಲಿಡಲು ಜಾಗವಿಲ್ಲ. ಕೆಲಸ ಮುಗಿಯಿತು ಅನ್ನುವುದರೊಳಗೆ ಅವರು ಚಪ್ಪಲಿ ಮೆಟ್ಟಿ ಮೇನ್ ಸ್ವಿಚ್ಚಿನ ಹತ್ತಿರ ನಿಂತಿರುತ್ತಿದ್ದರು. ಅದೂ ಅಲ್ಲದೆ, ಕಾರ್ಡಿಲ್ಲ, ಕೆಲಸವಿಲ್ಲ, ಫ್ಯಾನು ಸುಮ್ಮನೆ ತಿರುಗುತ್ತಿದೆ ಅಂದರೆ ಆ ಮನೆಯ ಗಂಡಸರ ಕರುಳು ಕಿವುಚಿದ ಹಾಗೆ ಆಗುತ್ತಿತ್ತು. ಮನೆಯಲ್ಲಿ ನಾನು ಒಲೆಯ ಮುಂದೆ ಬೆವರುತ್ತಿದ್ದರೂ ಹೊರಗಿನ ಖೋಲಿಯ ಫ್ಯಾನು ಆರಿಸಿ ಬರುವ ಜನ.

ನಾನು ಕಾರ್ಡು ಬಿಡುವ ತುದಿಯಲ್ಲಿ. ನಿಮ್ಮ ಅಜ್ಜ ಬ್ಲೋವರಿನ ಪಕ್ಕ, ಆ ಸದ್ದಿನೊಳಗೆ. ನಾನು ಸೆರಗು ಎಳೆದುಕೊಂಡು, "ಏನ್ರೀ, ಭಾವನವರಿಗೆ ಹೇಳ್ರಿ, ಬ್ಲೋವರ್ ತಿರುಗಲಿ" ಅನ್ನುತ್ತಿದ್ದೆ.

"ಆಂ?"

"ಬ್ಲೋವರ್ ತಿರುಗಲಿ ಅಂತ ಹೇಳ್ರಿ."

"ತಿರುಗಾಕತ್ತೈತಲ್ಲ!"

ಅಷ್ಟರಲ್ಲಿ ಟಪ್ ಅಂತ ಮೇನ್ ಹೋಗುತ್ತಿತ್ತು. ಕತ್ತಲಲ್ಲಿ ಆ ತಗಡು ಟಿಕ್ ಟಿಕ್ ಅನ್ನುತ್ತ ಒಳಗೇ ಬೇಯುತ್ತಿತ್ತು.

ಹೀಗೆ ಬೆಂದು ಬೆಂದು ಮೊದಲ ದೀಪ ಬಾಳೆಕಾಯಿಯ ಹಾಗೆ ಬಾಗಿತು. ಭಾವ ಮಷೀನು ಮಾಡಿದವರನ್ನು ಬೈದರು.

ನಮ್ಮ ಜೊತೆ ಠಾಣೆಯ ಕೋಪರಿ ಕಡೆಯ ಒಬ್ಬ ಮರಾಠಿ ಹೆಂಗಸು ಕೆಲಸ ಮಾಡುತ್ತಿದ್ದಳು. ನಾವು ಮಾವಶಿ ಅನ್ನುತ್ತಿದ್ದೆವು. ಅವಳಿಗೆ ಭಾವನ ಹಂಗಿಲ್ಲ, ಎದುರಿಗೇ ಜಗಳವಾಡುತ್ತಿದ್ದಳು. ನಿಮ್ಮ ಅಜ್ಜ ಮಾಲು ಕೊಡಲು ಕಲ್ಯಾಣಕ್ಕೆ ಹೋದ ದಿನ ನಾನು ನನ್ನ ಹರಕು ಮರಾಠಿಯಲ್ಲಿ ಅವಳ ಕಿವಿಯಲ್ಲಿ ಹೇಳುತ್ತಿದ್ದೆ. ಅವಳು ಅಲ್ಲಿಂದಲೇ ಕೂಗುತ್ತಿದ್ದಳು: "ಅಹೋ ಶೇಟ್, ಪಂಖಾ ಚಾಲೂ ಠೇವಾ ಮ್ಹಣತೆ ತುಮಚೀ ಭಾವಜಯ!" ನಿಮ್ಮ ತಮ್ಮನ ಹೆಂಡತಿ ಫ್ಯಾನು ಚಾಲೂ ಇಡಲು ಹೇಳುತ್ತಾಳೆ ಅಂತ ಇಡೀ ಗಾಳಾಕ್ಕೆ ಕೇಳುವ ಹಾಗೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, "ತುಲಾ ತೋಂಡ್ ನಾಹೀ ಕಾ ಗ?" ಅನ್ನುವಳು. ನಿನಗೆ ಬಾಯಿಲ್ಲವೇನೇ ಅಂತ. ಇತ್ತು. ಆದರೆ ಅದನ್ನು ಬಳಸಲು ನನಗೆ ಅಪ್ಪಣೆ ಇರಲಿಲ್ಲ. ಇದನ್ನು ಠಾಣೆಯವಳಿಗೆ ಹೇಗೆ ತಿಳಿಸುವುದು?

ಎರಡನೆಯದು ಸುತಳಿಯ ಸಂಗತಿ. ಮುಚ್ಚಳದ ಕೆಳಗೆ ಸ್ವಿಚ್ಚಿನಂಥ ಒಂದು ಗುಂಡಿ ಇತ್ತು. ಮುಚ್ಚಳ ಎತ್ತಿದರೆ ಗುಂಡಿ ಮೇಲೆ ಬಂದು ದೀಪ ತಾನಾಗಿ ಆರಬೇಕು. ಯಾರೂ ಉರಿಯುವ ದೀಪ ನೋಡಬಾರದು ಅಂತಲೇ ಮಾಡಿದ ಏರ್ಪಾಡು. ಆದರೆ ಬೆಲ್ಟಿನ ನಡುಕಕ್ಕೆ ಮುಚ್ಚಳ ಅಲುಗಿ ಆಗಾಗ ದೀಪ ಆರಿಹೋಗುತ್ತಿತ್ತು. ಒಮ್ಮೆ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹೊತ್ತುವುದಿಲ್ಲ, ಕೆಲಸ ನಿಲ್ಲುತ್ತದೆ. ಒಂದು ತಿರುಪು ಬಿಗಿ ಮಾಡಿಸಿದ್ದರೆ ಮುಗಿಯುತ್ತಿತ್ತು. ಭಾವ ಮಿಠಾಯಿ ಡಬ್ಬಿ ಕಟ್ಟುವ ಸುತಳಿ ತಂದು, ಗುಂಡಿಯನ್ನು ಒತ್ತಿ ಹಿಡಿದು ಬಿಗಿದು ಕಟ್ಟಿಬಿಟ್ಟರು. "ಈಗ ನೋಡು" ಅಂದರು.

ನಾನು ನಿಮ್ಮ ಅಜ್ಜನಿಗೆ ಹೇಳಿದೆ. ಅವರು ಅಣ್ಣನಿಗೆ ಹೇಳಿದರು. ನಾನು ಅಲ್ಲೇ, ಕೈಯಳತೆಯಲ್ಲಿ ನಿಂತಿದ್ದೆ.

"ಅಣ್ಣಾ, ಆ ಸುತಳಿ ಬಿಚ್ಚಬೇಕಂತ."

"ಯಾರಂತ?"

"ಮನ್ಯಾಗ ಅಂತಾರ."

"ಮನ್ಯಾಗಿನವರಿಗೆ ಮಷೀನಿಂದು ಏನು ಗೊತ್ತೋ?"

ನಿಮ್ಮ ಅಜ್ಜ ನನ್ನ ಕಡೆ ತಿರುಗಿ, "ನಿನಗ ಏನು ಗೊತ್ತಂತ" ಅಂದರು. ನನಗೆ ಕೇಳಿಸಿರಲಿಲ್ಲವೇನೋ ಅನ್ನುವ ಹಾಗೆ.

ಸುತಳಿ ಹಾಗೇ ಉಳಿಯಿತು. ಅದರ ಫಲ ಉಂಡವರು ನಿಮ್ಮ ಅಜ್ಜನೇ. ಒಂದು ಮಧ್ಯಾಹ್ನ ಕಾರ್ಡೊಂದು ಸೊಟ್ಟಗಾಗಿ ಮುಚ್ಚಳದ ಒಳಗೆ ಸಿಕ್ಕಿತು. ದೀಪ ಆರಿಸಿ ಕಾಯುವುದು ಬಿಟ್ಟು, ಮುಚ್ಚಳ ಎತ್ತಿ, ಬಗ್ಗಿ, ಇಕ್ಕಳದಿಂದ ಎಳೆದರು. ಅವರ ಕಪ್ಪು ಕನ್ನಡಕ ಎಲ್ಲಿತ್ತು ಅಂತೀರಿ? ಹಣೆಯ ಮೇಲೆ. ಆಗ ಏನೂ ಆಗಲಿಲ್ಲ. "ನೋಡು, ಏನಾತು?" ಅಂದರು. ಸಂಜೆ ಗಾಡಿ ಮುಂಬ್ರಾ ದಾಟುವಾಗ ಕಣ್ಣುಜ್ಜಲು ಶುರು ಮಾಡಿದರು. ಡೊಂಬಿವಲಿಯಲ್ಲಿ ನಾನು ಕೈ ಹಿಡಿದು ಇಳಿಸಿದೆ. ಕಣ್ಣಿಗೆ ಖಾರದಪುಡಿ ತುಂಬಿದ ಹಾಗೆ, ರೆಪ್ಪೆ ಬಿಡಿಸಲು ಬಾರದು. ಓಣಿಯ ಡಾಕ್ಟರರು ಬೆಳಕು ಸುಟ್ಟಿದೆ ಅಂದು ಮದ್ದು ಕೊಟ್ಟರು. ಮುಂದೆ ವಾಸಿಯಾಯಿತು. ಆದರೆ ಕೇಳಿದವರಿಗೆಲ್ಲ ನಿಮ್ಮ ಅಜ್ಜ ಹೇಳಿದ್ದು, "ಬಾಗಿಲಾಗ ನಿಂತಿದ್ದೆ, ಗಾಡಿ ಧೂಳು ಬಡೀತು" ಅಂತ. ಭಾವನೂ ಅದನ್ನೇ ನಂಬಿದರು, ಅಥವಾ ನಂಬಿದ ಹಾಗೆ ಮಾಡಿದರು.

ಇದಾದ ಮೇಲೆ ಖಂಡೆ ನವಮಿ ಬಂತು. ದಸರೆಯ ಹಿಂದಿನ ದಿನ, ದುಡಿಯುವ ಹತಾರಗಳಿಗೆ ಪೂಜೆ. ಊರಲ್ಲಿ ಕುಡುಗೋಲು, ಕೊಡಲಿ. ಇಲ್ಲಿ ಮಷೀನು. ಆ ವರ್ಷ ಅತ್ತೆಯೂ ಠಾಣೆಗೆ ಬರುವೆನೆಂದರು. ಮಗನ ಹೊಸ ಮಷೀನಿಗೆ ಮೊದಲ ಆರತಿ ತಾವೇ ಎತ್ತಬೇಕು ಅಂತ. ಅತ್ತೆಗೆ ನೋಡಲು ಇದ್ದದ್ದು ಒಂದೇ ಕಣ್ಣು. ಇನ್ನೊಂದಕ್ಕೆ ಚಿಕ್ಕಂದಿನಲ್ಲೇ ಹೂವು ಬಿದ್ದು ಬೆಳ್ಳಗಾಗಿತ್ತು. ಆ ಒಂದು ಕಣ್ಣಿನಲ್ಲೇ ಅಕ್ಕಿ ಆರಿಸುವುದು, ಸೂಜಿಗೆ ದಾರ ಪೋಣಿಸುವುದು, ನಮ್ಮನ್ನು ಕಾಯುವುದು, ಎಲ್ಲವೂ.

ನನ್ನ ನೆಗೆಣ್ಣಿ, ಭಾವನ ಹೆಂಡತಿ, ಹೋಳಿಗೆ ಮಾಡುತ್ತ ಮನೆಯಲ್ಲಿ ಉಳಿದಳು. ನಾವು ನಾಲ್ವರು ಹೋದೆವು. ನಾನು ನೌಪಾಡಾದ ಅಂಗಡಿಯಿಂದ ತಂದ ಸ್ಪಿರಿಟ್ಟಿನಿಂದ, ಕೈಗೆ ಗ್ಲೋವ್ಸ್ ಹಾಕಿ, ದೀಪದ ಗಾಜು ಒರೆಸಿ ಮುಚ್ಚಳ ಮುಚ್ಚಿದೆ. ಬೆಲ್ಟಿನ ಮೇಲೆ ಒಂದು ಕಾಗದದ ಚೂರೂ ಇರದ ಹಾಗೆ ಗುಡಿಸಿದೆ. ಚೆಂಡುಹೂವಿನ ಮಾಲೆಯನ್ನು ಬಿಸಿಯಾಗದ ಕಾಲಿಗೆ ಕಟ್ಟಿದೆ. ಅತ್ತೆ ಬಂದು ಕುಂಕುಮದ ಬೆರಳು ಎತ್ತಿಕೊಂಡು ನಿಂತರು.

"ಎಲ್ಲಿ ಹಚ್ಚಲಿ?"

"ಇಲ್ಲಿ, ತಗಡಿಗೆ ಹಚ್ಚ್ರಿ ಅತ್ತಿ" ಅಂದೆ.

"ತಗಡು ಏನು ದೇವರೇನ? ದೇವರು ಒಳಗ ಐತಿ, ನೀ ಬಾಗಲಿಗೆ ಕುಂಕುಮ ಹಚ್ಚಸ್ತಿ!" ಗೊಣಗುತ್ತ ಹಚ್ಚಿದರು. ಆಮೇಲೆ ಭಾವನ ಕಡೆ ತಿರುಗಿ, "ಯಪ್ಪಾ, ಇದರ ಮಾರಿ ಯಾವುದು? ಮಾರಿ ನೋಡದ ಆರತಿ ಹ್ಯಾಂಗ ಬೆಳಗಲಿ?" ಅಂದರು. ದೇವರ ಮುಖ ನೋಡದೆ ಆರತಿ ಎತ್ತುವವರಲ್ಲ ಅವರು.

ಭಾವ ನಕ್ಕರು. "ಇದರ ದೀಪನ ಇದರ ಮಾರಿ, ಅವ್ವಾ. ತಡಿ, ತೋರಸ್ತೀನಿ."

ಬ್ಲೋವರ್ ಹಾಕಿದರು, ಬೆಲ್ಟು ಹಾಕಿದರು, ದೀಪ ಹಾಕಿದರು. ಎಂಥ ಶಿಸ್ತು! ಶುರು ಮಾಡುವ ಕ್ರಮದಲ್ಲಿ ಅವರು ಯಾವತ್ತೂ ತಪ್ಪಿದವರಲ್ಲ. ಮುಚ್ಚಳದ ಸಂದಿನಿಂದ ನೇರಳೆ ಬೆಳಕು ನಿಧಾನವಾಗಿ ಗೆರೆಗೆರೆಯಾಗಿ ಹೊರಬಂತು. ಅತ್ತೆ ಮುಚ್ಚಳದ ಎದುರಿಗೇ, ಮೊಳದಷ್ಟು ದೂರದಲ್ಲಿ, ಆರತಿ ತಟ್ಟೆ ಹಿಡಿದು ನಿಂತರು. ಕರ್ಪೂರ ಹೊತ್ತಿತ್ತು. ಅವರ ಆ ಒಂದು ಕಣ್ಣು ಹಾಲಿನ ಮೇಲೆ ಕಣ್ಣಿಟ್ಟ ಬೆಕ್ಕಿನ ಹಾಗೆ ಆ ತಗಡಿನ ಮೇಲೆ ನೆಟ್ಟಿತ್ತು.

ಗುಂಡಿಗೆ ಸುತಳಿ ಇತ್ತು. ಮುಚ್ಚಳ ಎತ್ತಿದರೆ ದೀಪ ಆರುವುದಿಲ್ಲ, ಉರಿಯುತ್ತಲೇ ಇರುತ್ತದೆ. ನಿಮ್ಮ ಅಜ್ಜನಿಗೆ ಆದದ್ದು ಬಗ್ಗಿ ನೋಡಿದ ಒಂದು ಗಳಿಗೆಯಲ್ಲಿ. ಈ ಮುದುಕಿ ಮಂಗಳಾರತಿ ಮುಗಿಯುವವರೆಗೆ ಕಣ್ಣು ಕೀಳುವವಳಲ್ಲ.

ನಾನು ಸುತ್ತ ನೋಡಿದೆ. ನಿಮ್ಮ ಅಜ್ಜ ಹೊಸ್ತಿಲ ಹೊರಗೆ ಕಾಯಿ ಒಡೆಯುತ್ತಿದ್ದರು. ಮಾವಶಿ ಹಬ್ಬಕ್ಕೆ ರಜೆ. ನನ್ನ ಮಾತು ಹೊರುವವರು ಯಾರೂ ಇರಲಿಲ್ಲ. ಅತ್ತೆಗೇ ಹೇಳಿದೆ, "ಅತ್ತಿ, ಕಣ್ಣು ಮುಚ್ಚಿಕೋರಿ." ಅವರು, "ಆರತಿ ಮಾಡುವಾಗ ಯಾರು ಕಣ್ಣು ಮುಚ್ಚತಾರ, ಹುಚ್ಚಿ!" ಅಂದರು. ಭಾವನ ಕೈ ಮುಚ್ಚಳದ ಹಿಡಿಯ ಮೇಲೆ ಹೋಯಿತು.

"ಭಾವಾರ! ಕೈ ತಗೀರಿ!"

ಯಾರ ದನಿ ಅಂತ ನಾನೇ ಬೆಚ್ಚಿದೆ. ಊರಲ್ಲಿ ಎಮ್ಮೆ ಬೆಳೆಗೆ ನುಗ್ಗಿದಾಗ ಕೂಗಿದ್ದಂಥ ದನಿ. ಭಾವ ಹಾವು ತುಳಿದವರ ಹಾಗೆ ಕೈ ಎತ್ತಿದರು. ಅತ್ತೆ, "ಯಾರದು?" ಅಂದರು. ನಿಮ್ಮ ಅಜ್ಜ ಅರ್ಧ ಕಾಯಿ ಹಿಡಿದು ಬಾಗಿಲಿಗೆ ಓಡಿಬಂದರು.

ಬಾಯಿ ಬಿಟ್ಟಾಗಿತ್ತು. ಇನ್ನು ಮುಚ್ಚಿ ಏನು ಉಪಯೋಗ? "ಅತ್ತಿಗೆ ಇರೂದು ಒಂದ ಕಣ್ಣ್ರಿ. ಇವರಿಗೆ ಬಡಿದದ್ದು ಗಾಡಿ ಧೂಳಲ್ಲ, ಇದ ಬೆಳಕ. ನೀವು ಆ ಸುತಳಿ ಕಟ್ಟೀರಿ, ಮುಚ್ಚಳ ಎತ್ತಿದರ ಇದು ಆರಂಗಿಲ್ಲ."

ಭಾವನ ಮುಖ ಕೆಂಪಾಯಿತು. ನನ್ನ ಕಡೆ ನೋಡಲಿಲ್ಲ. "ಪೂಜಿನೂ ಬ್ಯಾಡ, ಏನೂ ಬ್ಯಾಡ, ಎಲ್ಲಾ ಬಂದ್ ಮಾಡತೀನಿ" ಅನ್ನುತ್ತ ದಡದಡ ಮೇನ್ ಸ್ವಿಚ್ಚಿನ ಕಡೆ ಹೋದರು.

ದೇವರೇ, ಮತ್ತೆ ಅದೇ ಮೇನ್!

"ಮೇನ್ ಬ್ಯಾಡ್ರಿ ಭಾವಾರ! ಮೊದಲು ದೀಪ. ಬ್ಲೋವರ್ ತಿರುಗಲಿ!"

ಅವರ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಕೆಳಗಿಳಿದು ದೀಪದ ಸ್ವಿಚ್ಚು ಮಾತ್ರ ಆರಿಸಿತು. ನೇರಳೆ ಗೆರೆಗಳು ಆರಿದವು.

ನಾವು ನಾಲ್ವರೂ ಹಾಗೇ ನಿಂತೆವು. ಬ್ಲೋವರ್ ಒಂದೇ ಸಮ ಗುಂಯ್ ಅನ್ನುತ್ತಿತ್ತು. ಖಾಲಿ ಬೆಲ್ಟು ನಡೆಯುತ್ತಿತ್ತು. ಕರ್ಪೂರ ಆರಿ ತಟ್ಟೆಯಲ್ಲಿ ಕಪ್ಪು ಕಲೆ ಉಳಿಯಿತು. ಭಾವ ಗೋಡೆ ನೋಡುತ್ತಿದ್ದರು. ನಿಮ್ಮ ಅಜ್ಜ ಒಡೆದ ಕಾಯಿಯ ನೀರು ನೆಲಕ್ಕೆ ಸೋರುತ್ತಿದ್ದರೂ ಅದನ್ನು ಹಿಡಿದುಕೊಂಡೇ ಇದ್ದರು. ನನಗೆ ಒಂದು ಯೋಚನೆ ಮಾತ್ರ ಸ್ಪಷ್ಟವಾಗಿತ್ತು: ಈ ಮಷೀನು ಬಂದಾಗಿನಿಂದ ಬ್ಲೋವರ್ ತಿರುಗುತ್ತಲೇ ಪೂರ್ತಿ ತಣ್ಣಗಾಗುತ್ತಿರುವುದು ಬಹುಶಃ ಇದೇ ಮೊದಲ ಸಲ.

ತಗಡಿನ ಮೇಲೆ ಕೈಯಿಟ್ಟು ನೋಡಿ, ನಿಮ್ಮ ಅಜ್ಜನಿಗೆ, "ತಣ್ಣಗಾತು, ಈಗ ಎತ್ತಬಹುದಂತ ಹೇಳ್ರಿ" ಅಂದೆ. ಅಷ್ಟು ಕೂಗಾಡಿದ ಮೇಲೆ ಮತ್ತೆ ಅವರ ಮೂಲಕವೇ ಯಾಕೆ ಹೇಳಿದೆನೋ, ನನಗೇ ಗೊತ್ತಿಲ್ಲ. ಭಾವ ಬ್ಲೋವರ್ ನಿಲ್ಲಿಸಿ, ಮೇನ್ ಆರಿಸಿ, ಮುಚ್ಚಳ ಎತ್ತಿದರು. ಅತ್ತೆ ಬಗ್ಗಿ, ಆ ಬೋಳು ಗಾಜಿನ ಕೊಳವೆ ನೋಡಿದರು.

"ಇದಾ? ಇದಕ್ಕಿಂತ ನಮ್ಮೂರ ಕಂದೀಲು ಚಂದ ಇತ್ತು" ಅಂದರು. ಅಂದವರೇ, ನಾನು ಕೈ ಚಾಚುವುದರೊಳಗೆ, ಕುಂಕುಮದ ಬೆರಳನ್ನು ಆ ಒರೆಸಿ ತೊಳೆದ ಗಾಜಿನ ನಟ್ಟನಡುವೆ ಒತ್ತಿಬಿಟ್ಟರು! ಎಣ್ಣೆ ಬೆರಳು, ಒದ್ದೆ ಕುಂಕುಮ. ಆಮೇಲೆ ಹೊಸ ಕರ್ಪೂರ ಹೊತ್ತಿಸಿ, ಸಾವಕಾಶವಾಗಿ, ಕಣ್ಣು ಬಿಟ್ಟುಕೊಂಡೇ ಆರತಿ ಎತ್ತಿದರು. ಹಬ್ಬ ಮುಗಿದ ಮೇಲೆ ನಾನು ಆ ಗಾಜನ್ನು ಸ್ಪಿರಿಟ್ಟಿನಿಂದ ಉಜ್ಜಿದ್ದು ನನಗೇ ಗೊತ್ತು.

ಕೆಲಸ ಮತ್ತೆ ಶುರುವಾದ ದಿನ ಗುಂಡಿಯ ಸುತಳಿ ಇರಲಿಲ್ಲ. ಮುಚ್ಚಳದ ತಿರುಪು ಬಿಗಿಯಾಗಿತ್ತು. ಸಂಜೆ ಭಾವ ಚಪ್ಪಲಿ ಮೆಟ್ಟಿ, ಬ್ಲೋವರಿನ ಸ್ವಿಚ್ಚಿನ ಹತ್ತಿರ ನಿಂತು, ನನ್ನಿಂದ ಕೈಯಳತೆಯಲ್ಲಿ, ನಿಮ್ಮ ಅಜ್ಜನಿಗೆ ಕೂಗಿದರು:

"ನಿಲ್ಲಸ್ಲೇನು ಅಂತ ಆಕಿನ್ನ ಕೇಳು."

ನಿಮ್ಮ ಅಜ್ಜ ನನಗೆ, "ನಿಲ್ಲಸ್ಲೇನು ಅಂತ ಕೇಳಾಕತ್ತಾನ."

ನಾನು, "ಇನ್ನೂ ಬಿಸಿ ಐತಿ ಅಂತ ಹೇಳ್ರಿ."

"ಇನ್ನೂ ಬಿಸಿ ಐತಂತ."

ಇದು ದಿನಾ ಸಂಜೆ. ಮಾವಶಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಗಾಡಿ ತಪ್ಪಿಸಿಕೊಂಡು ನಾವು ಮೂವರೂ ಮುಂದಿನದರಲ್ಲಿ ನಜ್ಜುಗುಜ್ಜಾಗಿ ಬರುತ್ತಿದ್ದೆವು. ಅದಕ್ಕೂ ನನ್ನನ್ನೇ ಬೈಯುತ್ತಿದ್ದರು, ಅದೂ ನಿಮ್ಮ ಅಜ್ಜನ ಮೂಲಕವೇ.

ಇನ್ನು ಅತ್ತೆ. ನಾನು ಅವರ ಕಣ್ಣು ಉಳಿಸಿದೆ ಅಂತ ಅವರು ಯಾವತ್ತೂ ಅನ್ನಲಿಲ್ಲ. ಓಣಿಯವರಿಗೆಲ್ಲ, "ನಮ್ಮ ಸಣ್ಣಾಕಿ ಖಂಡೆ ನವಮಿ ದಿನ ಭಾವನ ಮುಂದ ಬಾಯಿ ಮಾಡಿದಳು, ಆರತಿ ಕೆಡಿಸಿದಳು" ಅಂತಲೇ ಹೇಳಿದರು. ಸಣ್ಣಾಕಿ ಅಂದರೆ ಚಿಕ್ಕ ಸೊಸೆ, ನಾನು. ಕಡೆಯವರೆಗೂ ಆ ಕಣ್ಣು ಚೆನ್ನಾಗಿಯೇ ಇತ್ತು. ನಾನು ಆರಿಸಿದ ಅಕ್ಕಿಯನ್ನು ದಿನಾ ಮತ್ತೆ ಮೊರಕ್ಕೆ ಸುರಿದುಕೊಂಡು, ಕಿಟಕಿಯ ಬೆಳಕಿಗೆ ಕೂತು, ಆ ಒಂದೇ ಕಣ್ಣಿನಲ್ಲಿ ಹುಡುಕುತ್ತಿದ್ದರು. ಒಂದು ಹರಳು ಸಿಕ್ಕರೆ ಸಾಕು, ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಒಳಗಿನವರೆಗೆ ಕೇಳುವ ಹಾಗೆ ಕೂಗುತ್ತಿದ್ದರು:

"ಏ ಸಣ್ಣಾಕಿ, ಬಾ ಇಲ್ಲಿ! ಇದು ನಿನಗ ಕಾಣಲಿಲ್ಲೇನ?"